ಏಳು ಗೆಲುವು, ಸೊನ್ನೆ ಸೋಲು

ಆ ಬೇಸಿಗೆಯಲ್ಲಿ ನಮ್ಮ ಭಾನುವಾರದ ಬೇಸ್‌ಬಾಲ್ ಲೀಗಿನ ವೆಬ್‌ಸೈಟು ತೆರೆದವರಿಗೆ ಪಿಚರ್‌ಗಳ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಕಾಣುತ್ತಿದ್ದದ್ದು ನನ್ನ ಹೆಸರು. ಸಿದ್ಧಾರೂಢ, ವಯಸ್ಸು ಐವತ್ತೊಂದು, ಹೇವರ್ಡ್ ತಂಡ. ಗೆಲುವು ಏಳು. ಸೋಲು ಸೊನ್ನೆ. ಸರಾಸರಿ 0.00.

ಈ ಸರಾಸರಿ ಅನ್ನುವುದು ಏನೆಂದರೆ, ಒಬ್ಬ ಪಿಚರ್ ಒಂಬತ್ತು ಇನ್ನಿಂಗ್ಸಿಗೆ ಎಷ್ಟು ರನ್ ಬಿಟ್ಟುಕೊಟ್ಟ ಎಂಬುದು. ಕಡಿಮೆ ಇದ್ದಷ್ಟೂ ದೊಡ್ಡವನು. ಸೊನ್ನೆಗಿಂತ ಕಡಿಮೆ ಹೋಗಲು ಇಲ್ಲಿ ಅವಕಾಶವಿಲ್ಲ. ಇದ್ದಿದ್ದರೆ ಅಲ್ಲಿಗೂ ಹೋಗುತ್ತಿದ್ದೆನೇನೋ ಎಂಬ ಧಾಟಿಯಲ್ಲಿ ನಾನು ಆ ದಿನಗಳಲ್ಲಿ ಓಡಾಡುತ್ತಿದ್ದೆ. ಗೋದಾಮಿನಲ್ಲಿ ನನ್ನ ಕೈಕೆಳಗೆ ಕನ್ವೇಯರ್ ಬೆಲ್ಟು ರಿಪೇರಿ ಮಾಡುವ ಹುಡುಗರಿಗೆ ತೋರಿಸಿದ್ದೆ. ಹುಬ್ಬಳ್ಳಿಗೆ ಫೋನು ಮಾಡಿ ಅವ್ವನಿಗೂ ಹೇಳಿದ್ದೆ. ಅವ್ವ, "ಸೊನ್ನೀ ತಗೊಂಡದ್ದಕ್ಕ ಇಷ್ಟ್ಯಾಕ ಹಿಗ್ಗಾಕತ್ತೀ? ಸಾಲ್ಯಾಗೂ ಅದನ್ನ ತರ್ತಿದ್ದಿ" ಅಂದಳು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದಂತೆ, ಆದರೆ ಓಡಿಬರುವುದಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸುವುದಿಲ್ಲ. ಹೊಡೆದವನು ಒಂದು, ಎರಡು, ಮೂರನೇ ಬೇಸ್ ದಾಟಿ ಸುತ್ತು ಹಾಕಿ ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ, ಮರಳಿದರೆ ಒಂದು ರನ್. ಒಂದೇ ಹೊಡೆತಕ್ಕೆ ಆಗದವನು ನಡುವಿನ ಬೇಸ್ ಮೇಲೆ ನಿಂತು ಮುಂದಿನವನ ಹೊಡೆತಕ್ಕೆ ಕಾಯುತ್ತಾನೆ; ಅವನು ರನ್ನರ್. ಆಟ ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಎನ್ನುತ್ತಾರೆ. ಅವನ ಕೈ ದಣಿದಾಗ ಅವನಿಂದ ಚೆಂಡು ಇಸಿದುಕೊಂಡು ಮುಂದುವರಿಸುವವನು ರಿಲೀಫ್ ಪಿಚರ್. ಅದು ನಾನು.

"ರಿಲೀಫ್ ಯಾರಿಗ್ರೀ? ಎದುರಿನವರಿಗೇನು?" ಎಂದು ನನ್ನ ಹೆಂಡತಿ ಮಾಧುರಿ ಒಮ್ಮೆ ಕೇಳಿದ್ದಳು. ಅವಳು ನೋಡಿದ್ದು ಒಂದೇ ಆಟ. ಒಂದೇ ಆಟದಲ್ಲಿ ಅವಳಿಗೆ ಹೊಳೆದದ್ದು ನನಗೆ ಹೊಳೆಯಲು ಹದಿಮೂರು ಭಾನುವಾರ ಬೇಕಾದವು.

ನಮ್ಮ ಸ್ಟಾರ್ಟರ್ ಡಾಕ್ಟರ್ ಗುರುಪ್ರಸಾದ್. ಮೈಸೂರಿನವರು, ಕಿವಿ-ಮೂಗು-ಗಂಟಲಿನ ಡಾಕ್ಟರು, ನನಗಿಂತ ಐದು ವರ್ಷ ದೊಡ್ಡವರು. ಆರು ವರ್ಷದ ಹಿಂದೆ ಕನ್ನಡ ಕೂಟದ ಪಿಕ್‌ನಿಕ್ಕಿನ ಕ್ರಿಕೆಟ್ಟಿನಲ್ಲಿ ನಾನು ಬೌಲ್ ಮಾಡಿದ್ದನ್ನು ನೋಡಿ ಹತ್ತಿರ ಬಂದಿದ್ದರು. ಹುಬ್ಬಳ್ಳಿಯ ಮೈದಾನಗಳಲ್ಲಿ "ಕೈ ಮಡಚಿ ಒಗೀತಾನ" ಎಂದು ನನ್ನನ್ನು ಒಂದು ಓವರಿಗಿಂತ ಹೆಚ್ಚು ಬೌಲ್ ಮಾಡಲು ಯಾರೂ ಬಿಟ್ಟಿರಲಿಲ್ಲ. ಡಾಕ್ಟರು ಹೆಗಲ ಮೇಲೆ ಕೈ ಹಾಕಿ, "ನಿಂದು ಬೌಲಿಂಗ್ ಅಲ್ಲ ಕಣೋ, ಎಸೆತ. ಎಸಿಯೋದಕ್ಕೇ ಅಂತ ಈ ದೇಶದಲ್ಲಿ ಒಂದು ಆಟ ಇದೆ, ಬಾ" ಅಂದರು. ನಲವತ್ತೈದರ ವಯಸ್ಸಿನಲ್ಲಿ ನನ್ನ ದೋಷವನ್ನು ಗುಣ ಎಂದು ಕರೆದ ಮೊದಲ ಮನುಷ್ಯ ಅವರು.

ಐದು ವರ್ಷ ನಾನು ಬೆಂಚಿನ ಮೇಲೆ ಕೂತು ಕಡಲೆಬೀಜ ತಿಂದೆ. ಈ ವರ್ಷ ನಮ್ಮ ಹಳೆಯ ರಿಲೀಫ್ ಪಿಚರ್ ಸ್ಯಾಕ್ರಮೆಂಟೋಗೆ ಮನೆ ಬದಲಿಸಿದ. ಮ್ಯಾನೇಜರ್ ಹೆಕ್ಟರ್, ನಿವೃತ್ತ ಪೋಸ್ಟ್‌ಮನ್, ಬೆಂಚಿನ ಉದ್ದಕ್ಕೂ ಕಣ್ಣಾಡಿಸಿ, ಬೇರೆ ಯಾರೂ ಇಲ್ಲವೆಂದು ಎರಡೆರಡು ಸಲ ಖಚಿತ ಮಾಡಿಕೊಂಡು, ನನ್ನನ್ನು ಕರೆದ. ಅಲ್ಲಿಂದ ಶುರುವಾಯಿತು ನನ್ನ ಏಳು ಗೆಲುವುಗಳ ಯಾತ್ರೆ.

ಕೊನೆಯ ಆಟದ ಹಿಂದಿನ ಶನಿವಾರ ಮಗಳು ಐಶ್ವರ್ಯಾ ಬರ್ಕ್ಲಿಯಿಂದ ಬಂದಿದ್ದಳು. ಅವಳು ಅಲ್ಲಿ ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸು. ಮನೆಯಲ್ಲೇ ಇಂಥ ಅಪ್ಪ ಇರುವಾಗ ಮಗಳು ಸಂಖ್ಯೆಗಳಿಗಾಗಿ ಬೇರೆಲ್ಲೋ ಹುಡುಕಬಾರದು ಎಂದು ನಾನು ಚಹಾದ ಜೊತೆಗೆ ವೆಬ್‌ಸೈಟನ್ನೂ ಮುಂದಿಟ್ಟೆ. ವರ್ಷದ ಅತ್ಯುತ್ತಮ ಪಿಚರ್ ಬಹುಮಾನಕ್ಕೆ ಕನಿಷ್ಠ ಇಪ್ಪತ್ತು ಇನ್ನಿಂಗು ಎಸೆದಿರಬೇಕು. ನನ್ನದು ಹತ್ತೊಂಬತ್ತು ಮತ್ತು ಮೂರನೇ ಎರಡು. ಒಂದು ಇನ್ನಿಂಗಿಗೆ ಮೂರು ಔಟು. ಅಂದರೆ ಇನ್ನೊಂದೇ ಒಂದು ಔಟು ಮಾಡಿದರೆ ಬಹುಮಾನ ನನ್ನದು. ಕನ್ನಡ ಕೂಟದ ಕಾರ್ಯದರ್ಶಿ ದ್ವಾರಕಾನಾಥ್ ಆಗಲೇ ಡ್ಯಾನ್‌ವಿಲ್ಲಿನ ಸಭೆಯಲ್ಲಿ ನನ್ನ ಸನ್ಮಾನಕ್ಕೆಂದು ಶಾಲು, ಪೇಟ, ಹಾರ ಎಲ್ಲಾ ಹೇಳಿಟ್ಟಿದ್ದರು. ಹೇಳಿಸಿದವನು ನಾನೇ ಅನ್ನುವುದು ಬೇರೆ ಮಾತು.

ಐಶ್ವರ್ಯಾ ನೋಡಿದಳು. ಹುಬ್ಬೇರಿಸಿದಳು. "ಅಪ್ಪಾ, ದಿಸ್ ಇಸ್ ಆ್ಯಕ್ಚುಲಿ ಅಮೇಜಿಂಗ್."

"ಹೌದಲ್ಲ ಮತ್ತ!"

"ನೋ, ಐ ಮೀನ್, ವಿಯರ್ಡ್. ಸ್ಕೋರ್‌ಬುಕ್ ಪೇಜಸ್ ಇದ್ಯಾ?"

ಇತ್ತು. ನಮ್ಮ ಸ್ಕೋರು ಬರೆಯುವವರು ವಸುಧಾ ಅವರು, ಡಾಕ್ಟರ ಹೆಂಡತಿ. ಪ್ರತಿ ವಾರ ಪುಟಗಳ ಫೋಟೋ ತೆಗೆದು ಗುಂಪಿಗೆ ಕಳಿಸುತ್ತಾರೆ. ಮುತ್ತಿನಂಥ ಅಕ್ಷರ. ಮಗಳು ಚಹಾ ಮರೆತು ಆ ಫೋಟೋಗಳಲ್ಲಿ ಮುಳುಗಿದಳು. ಅರ್ಧ ಗಂಟೆಯಾದ ಮೇಲೆ ತಲೆಯೆತ್ತಿ, ಡಾಕ್ಟರುಗಳು ರಿಪೋರ್ಟು ಹೇಳುವಾಗ ಮುಖ ಮಾಡುತ್ತಾರಲ್ಲ, ಹಾಗೆ ಮಾಡಿದಳು.

"ಗುರು ಅಂಕಲ್ ಬೇಸ್ ಮೇಲೆ ಬಿಟ್ಟು ಹೋದ ರನ್ನರ್ಸ್, ನೀನು ಬಂದಾಗ. ಟ್ವೆಂಟಿ-ಥ್ರೀ. ಅದ್ರಲ್ಲಿ ಎಷ್ಟು ಜನ ಸ್ಕೋರ್ ಮಾಡಿದ್ರು, ಗೆಸ್."

"ಐದಾರು?"

"ಟ್ವೆಂಟಿ-ಥ್ರೀ."

ಹಿಂದಿನ ಪಿಚರ್ ಬೇಸ್ ಮೇಲೆ ಬಿಟ್ಟುಹೋದವರು ರನ್ ಮಾಡಿದರೆ ಅದು ಹಿಂದಿನವನ ಹೆಸರಿಗೇ ಬೀಳುತ್ತದೆ ಎಂಬ ನಿಯಮ ನನಗೆ ಗೊತ್ತಿತ್ತು. ಬಹಳ ಧರ್ಮದ ನಿಯಮ ಅಂದುಕೊಂಡಿದ್ದೆ. ಅಪ್ಪನ ಹೆಸರಿನಲ್ಲಿ ಬಂದ ಮಕ್ಕಳಲ್ಲವೇ, ಅಪ್ಪನೇ ನೋಡಿಕೊಳ್ಳಲಿ. ಆದರೆ ಇಪ್ಪತ್ತಮೂರಕ್ಕೆ ಇಪ್ಪತ್ತಮೂರು! ಡಾಕ್ಟರು ನಂಬಿ ನನ್ನ ಕೈಗೆ ಒಪ್ಪಿಸಿ ಹೋದವರಲ್ಲಿ ಒಬ್ಬನನ್ನೂ ನಾನು ತಡೆದಿರಲಿಲ್ಲ. ಒಬ್ಬನನ್ನಾದರೂ ತಪ್ಪಿ ತಡೆಯಬಾರದೇ ಮನುಷ್ಯ?

"ಅವರು ಲೀಡ್‌ನಲ್ಲಿ ಬಿಟ್ಟು ಹೋಗ್ತಾರೆ," ಮಗಳು ಬೆರಳು ಮಡಚುತ್ತಾ ಹೋದಳು, "ನೀನು ಬಂದು ಲೀಡ್ ಕಳೀತೀಯ. ಆ ರನ್ಸ್ ಅವರ ನೇಮ್‌ಗೆ. ಆಮೇಲೆ ಟೀಮ್ ಬ್ಯಾಟ್ ಮಾಡಿ ಮತ್ತೆ ಲೀಡ್ ತಗೊಳತ್ತೆ. ಆಗ ಪಿಚರ್ ಯಾರು? ಯು. ಸೋ ವಿನ್ ನಿಂಗೆ. ಸೆವೆನ್ ಟೈಮ್ಸ್, ಅಪ್ಪಾ. ಆಲ್ ಸೆವೆನ್."

"ಮತ್ತ ಸೋತಾಗ?"

"ದ್ಯಾಟ್ಸ್ ದಿ ಬೆಸ್ಟ್ ಪಾರ್ಟ್. ಎದುರಿನವರನ್ನ ಮುಂದೆ ತಂದ ರನ್ನರ್ ಗುರು ಅಂಕಲ್‌ದಾಗಿದ್ರೆ ಲಾಸ್ ಅವರಿಗೇ. ನೀನು ಪಿಚ್ ಮಾಡ್ತಿದ್ರೂ. ಅವರದು ಫೋರ್ ಲಾಸಸ್, ಜೀರೋ ವಿನ್ಸ್. ಅದ್ರಲ್ಲಿ ಟು ಲಾಸಸ್ ನಿಂದು."

ಅಡುಗೆಮನೆಯಿಂದ ಮಾಧುರಿ ಒಗ್ಗರಣೆ ಸದ್ದಿನ ಮೇಲೆಯೇ, "ಗೆದ್ರ ತಮ್ದು, ಸೋತ್ರ ಮಂದೀದು. ಮನ್ಯಾಗೂ ಹಂಗ ಅದ ಅವರದು" ಅಂದಳು.

ನಾನು ಕೊನೆಯ ಕೋಟೆಗೆ ಓಡಿದೆ. "ಅದಿರ್ಲಿ. ನಾನಾಗೇ ಬೇಸ್ ಮ್ಯಾಲೆ ಬಿಟ್ಟವರು? ಅವರು ರನ್ ಮಾಡೇ ಇಲ್ಲಲ್ಲ. ಸೊನ್ನಿ ಅದಲ್ಲ!"

"ದೇ ಡಿಡ್. ಫೋರ್ಟೀನ್." ಮಗಳಿಗೆ ಈಗ ನಗು ತಡೆಯಲಾಗುತ್ತಿರಲಿಲ್ಲ. "ಫೀಲ್ಡಿಂಗ್ ಎರರ್‌ನಿಂದ ಬಂದ ರನ್ ಪಿಚರ್ ಆ್ಯವರೇಜ್‌ಗೆ ಸೇರಲ್ಲ. ಎರರ್ ಮಾಡಿದ್ದು ಪಿಚರ್ರೇ ಆದ್ರೂ. ಈ ಸೀಸನ್ ನಿನ್ನ ಎರರ್ಸ್ ನೈನ್. ಅಪ್ಪಾ, ಯು ಡ್ರಾಪ್ಡ್ ದಿ ಬಾಲ್ ಆಲ್ ದಿ ವೇ ಟು ಜೀರೋ."

ಅಂದರೆ ಹೀಗೆ. ಬೇರೆಯವರ ರನ್ನರ್‌ಗಳು ನನ್ನ ಚೆಂಡಿಗೆ ಮನೆ ಸೇರಿದರೆ ಅವರ ತಪ್ಪು. ನನ್ನ ರನ್ನರ್‌ಗಳು ನನ್ನ ಕೈಜಾರಿದ ಚೆಂಡಿಗೆ ಮನೆ ಸೇರಿದರೆ ಯಾರ ತಪ್ಪೂ ಅಲ್ಲ. ನಾನು ಎಷ್ಟು ಕೆಟ್ಟದಾಗಿ ಆಡುತ್ತಿದ್ದೆನೆಂದರೆ ಅದು ಅತ್ಯುತ್ತಮದ ಆಚೆ ಬದಿಯಿಂದ ಹೊರಬಂದಿತ್ತು.

"ಮತ್ತೆ ಮೊದಲನೇ ಬ್ಯಾಟರ್," ಮಗಳು ಬಿಡಲಿಲ್ಲ. "ನೀನು ಬಂದ ತಕ್ಷಣ ಸಿಗೋ ಮೊದಲನೇ ಬ್ಯಾಟರ್ ಆಲ್ವೇಸ್ ಹೊಡೀತಾನೆ. ಆಮೇಲೆ ನೀನು ಓಕೆ. ವೈ ಈಸ್ ದ್ಯಾಟ್?"

ಯಾಕೆಂದು ನನಗೆ ಗೊತ್ತಿತ್ತು. ರಿಲೀಫ್ ಪಿಚರ್ ಆದವನು ಒಳಗೆ ಹೋಗುವ ಮೊದಲು ಬದಿಯಲ್ಲಿ ನಿಂತು ಇಪ್ಪತ್ತು ಚೆಂಡಾದರೂ ಎಸೆದು ಕೈ ಬಿಸಿ ಮಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ನಾನು ಬೇಲಿಗೆ ಒರಗಿ ಮಾತಾಡುತ್ತಿರುತ್ತೇನೆ. ಎದುರು ತಂಡದವನ ಹೆಂಡತಿಯ ಮಂಡಿನೋವು, ಅಂಪೈರನ ಮಗನ ಕಾಲೇಜು ಸೀಟು, ಹಾಟ್‌ಡಾಗ್ ಮಾರುವವಳ ಊರಿನ ಸಮಾಚಾರ. ಹೆಕ್ಟರ್ ಕರೆದಾಗ ಮಾತಿನ ನಡುವೆಯೇ ಎದ್ದು ಹೋಗುತ್ತೇನೆ. ಕೈ ಬಿಸಿಯಾಗುವುದು ಮೊದಲನೇ ಬ್ಯಾಟರ್ ಮೇಲೆ. ಅಷ್ಟರಲ್ಲಿ ಡಾಕ್ಟರ ಮೂವರು ರನ್ನರ್‌ಗಳು ಮನೆಯಲ್ಲಿ ಕೂತು ನೀರು ಕುಡಿಯುತ್ತಿರುತ್ತಾರೆ.

ಇಷ್ಟಾದರೂ ಡಾಕ್ಟರು ಒಂದು ಮಾತು ಆಡಿರಲಿಲ್ಲ. ಪ್ರತಿ ಆಟದ ನಂತರ, ಗೆದ್ದವನು ನಾನಲ್ಲವೇ, ನನ್ನ ಭುಜಕ್ಕೆ ತಾವೇ ಐಸು ಕಟ್ಟುತ್ತಿದ್ದರು.

ಮರುದಿನ ಮೈದಾನಕ್ಕೆ ಒಂದು ಗಂಟೆ ಮುಂಚೆ ಹೋದೆ, ಕ್ಷಮೆ ಕೇಳಬೇಕೆಂದು. ಡಾಕ್ಟರು ಒಬ್ಬರೇ ಬೆಂಚಿನ ಮೇಲೆ ಕೂತು ಬಲ ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ನನ್ನ ಪೀಠಿಕೆ ಮುಗಿಯುವ ಮೊದಲೇ ಅವರೇ ಹೇಳಿದರು. "ಮಂಗಳವಾರ ಸರ್ಜರಿ ಕಣೋ. ಭುಜದ್ದು. ಇನ್ಮೇಲೆ ಎಸಿಯೋ ಹಾಗಿಲ್ಲ ಅಂದ್ಬಿಟ್ರು ಡಾಕ್ಟ್ರು."

"ನೀವ ಡಾಕ್ಟ್ರಲ್ರೀ?"

"ನಾನು ಕಿವಿ ಡಾಕ್ಟ್ರು. ಅವರು ಹೇಳಿದ್ದು ಕೇಳಿಸ್ತು, ಅಷ್ಟೇ."

ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿದರು. "ಹೋದ್ವರ್ಷ ಎಂಟು ಗೆದ್ದಿದ್ದೆ. ಅದರ ಹಿಂದಿನ ವರ್ಷ ಆರು. ಈ ಸಲ ನನ್ನ ಹೆಸರ ಮುಂದೆ ಸೊನ್ನೆ. ಕೊನೇ ವರ್ಷ ಸೊನ್ನೇಲಿ ಮುಗೀಬಾರದು ಅಂತ ಒಂದು ಆಸೆ. ಹುಚ್ಚು, ಅಲ್ವಾ? ಐವತ್ತಾರು ವರ್ಷ. ಕಿವಿಯೊಳಗೆ ಲೈಟ್ ಹಾಕಿ ಬದುಕೋನು. ಒಂದೇ ಒಂದು ಗೆಲುವು ಬೇಕು ಕಣೋ ಇವತ್ತು."

ಇದನ್ನು ಕೇಳಿದ ಮೇಲೆ ಕ್ಷಮೆ ಕೇಳುವುದನ್ನು ಕೈಬಿಟ್ಟೆ. ಇಪ್ಪತ್ತಮೂರು ಜನರನ್ನು ಹೊರಗೆ ಬಿಟ್ಟ ಕಾವಲುಗಾರ ಸಾರಿ ಅಂದರೆ ಅದಕ್ಕೇನು ಬೆಲೆ? "ಇವತ್ತ ನಾ ಮಾತಾಡೂದಿಲ್ರೀ ಡಾಕ್ಟ್ರ" ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. "ಯಾಕೋ, ಗಂಟಲು ನೋವಾ? ಆ ಅನ್ನು ನೋಡೋಣ" ಅಂದರು.

ಆಟ ಶುರುವಾಯಿತು. ನಮ್ಮ ಲೀಗಿನಲ್ಲಿ ಏಳು ಇನ್ನಿಂಗು. ಎದುರಿಗೆ ಡ್ಯಾನ್‌ವಿಲ್ ತಂಡ. ಮೊದಲು ಅವರ ಬ್ಯಾಟಿಂಗು, ಆಮೇಲೆ ನಮ್ಮದು. ಡಾಕ್ಟರು ಅಂದು ಎಸೆದ ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಒಂದೊಂದು ಚೆಂಡಿಗೂ ಮುಖ ಕಿವುಚಿಕೊಳ್ಳುತ್ತಿದ್ದರು, ಆದರೆ ಚೆಂಡು ಹೇಳಿದ ಕಡೆಗೆ ಹೋಗುತ್ತಿತ್ತು. ಐದನೇ ಇನ್ನಿಂಗಿಗೆ ಐದು-ಎರಡು, ನಾವು ಮುಂದೆ.

ನಾನು ಎದ್ದು ಬದಿಗೆ ಹೋಗಿ, ಹಾಟ್‌ಡಾಗಿನವಳು ಕೈಬೀಸಿದರೂ ಕಾಣದವನಂತೆ ನಿಂತು, ಕೈ ಬಿಸಿ ಮಾಡಿಕೊಳ್ಳಲು ಶುರು ಮಾಡಿದೆ. ಜೀವನದಲ್ಲಿ ಮೊದಲ ಸಲ ಇಪ್ಪತ್ತು ಚೆಂಡು ಮೌನವಾಗಿ ಎಸೆದೆ. ಚೆಂಡು ನೆಟ್ಟಗೆ ಹೋಗುತ್ತಿತ್ತು! ಇದು ಇಷ್ಟು ಸುಲಭವಿತ್ತೇ ಎಂದು ನಾಚಿಕೆಯಾಯಿತು.

ವಸುಧಾ ಅವರ ಮೇಜು ಅಲ್ಲೇ ಬೇಲಿಯ ಪಕ್ಕ. ಮೈಸೂರಿನಲ್ಲಿ ಶಾಲೆಯ ಟೀಚರಾಗಿದ್ದವರು. ಸ್ಕೋರು ಬರೆಯುವವರು ಯಾರ ಕಡೆಗೂ ಕೂಗಬಾರದು ಎಂದು ಆರು ವರ್ಷದಲ್ಲಿ ಒಮ್ಮೆಯೂ ಗಂಡನಿಗೆ ಚಪ್ಪಾಳೆ ತಟ್ಟಿದವರಲ್ಲ. ಗಂಡನ ಹೆಸರಿನ ಕೆಳಗೆ ನನ್ನ ಇಪ್ಪತ್ತಮೂರು ರನ್ನುಗಳನ್ನು ಆ ಮುತ್ತಿನ ಅಕ್ಷರದಲ್ಲಿ ಬರೆದವರು ಇವರೇ. ಪೆನ್ಸಿಲು ಎತ್ತದೆಯೇ ಹೇಳಿದರು, "ಸಿದ್ಧಾರೂಢ ಅವರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳ್ರಿ ವಸುಧಾ ಅವ್ರ."

"ನೀವು ಎದ್ದು ಎಸಿಯೋಕೆ ಶುರು ಮಾಡಿದ್ರಲ್ಲ, ಅವಾಗಿಂದ ಅವರು ನಿಮ್ಮನ್ನೇ ನೋಡ್ತಿದಾರೆ. ಬ್ಯಾಟ್ಸ್‌ಮನ್‌ನ ನೋಡ್ತಿಲ್ಲ."

ತಿರುಗಿ ನೋಡಿದೆ. ನಿಜ. ಡಾಕ್ಟರು ಚೆಂಡು ಹಿಡಿದು ನನ್ನ ಕಡೆಗೇ ನೋಡುತ್ತಿದ್ದರು, ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಪೆಟ್ಟಿಗೆಯ ಪಕ್ಕ ಯಾರೋ ಬಂದು ನಿಂತಾಗ ನೋಡುವ ಹಾಗೆ. ಮುಂದಿನ ಚೆಂಡಿಗೆ ಹೊಡೆತ ಬಿತ್ತು. ಐದು-ಮೂರು.

ನಾನು ತಕ್ಷಣ ಕೂತುಬಿಟ್ಟೆ. ಆರನೇ ಇನ್ನಿಂಗು ತಣ್ಣಗೆ ಮುಗಿಯಿತು.

ಏಳನೆಯದು, ಕೊನೆಯದು. ಮೊದಲನೆಯವ ಔಟ್. ಆಮೇಲೆ ಒಂದು ಹೊಡೆತ, ಗುರಿ ತಪ್ಪಿದ ನಾಲ್ಕು ಚೆಂಡಿಗೆ ಒಬ್ಬನಿಗೆ ಪುಕ್ಕಟೆ ಬೇಸ್. ಇನ್ನೊಬ್ಬ ಔಟ್. ಮತ್ತೊಬ್ಬನಿಗೆ ಪುಕ್ಕಟೆ. ಈಗ ಮೂರೂ ಬೇಸ್ ತುಂಬಿವೆ. ಎರಡು ಔಟ್. ಬೇಕಾದದ್ದು ಒಂದೇ ಒಂದು ಔಟು. ಡಾಕ್ಟರ ಭುಜ ಕೆಳಗೆ ಜೋತುಬಿದ್ದಿತ್ತು. ಹೆಕ್ಟರ್ ಮೈದಾನದೊಳಕ್ಕೆ ನಡೆದು, ನನ್ನ ಕಡೆ ತಿರುಗಿ, ಬಲಗೈ ತಟ್ಟಿ ತೋರಿಸಿದ. ಬಾ.

ನಾನು ನಡೆದೆ. ನಡೆಯುತ್ತಾ ಲೆಕ್ಕ ಹಾಕಿದೆ, ಮಗಳು ಕಲಿಸಿದ ಲೆಕ್ಕ. ಒಳಗೆ ಹೋದರೆ ಒಂದಲ್ಲ ಒಂದು ಹೊತ್ತಿಗೆ ನನಗೆ ಒಂದು ಔಟು ಸಿಕ್ಕೇ ಸಿಗುತ್ತದೆ. ಅದಕ್ಕೂ ಮೊದಲು ಎಷ್ಟು ಜನ ಮನೆ ಸೇರುತ್ತಾರೆ ಅನ್ನುವುದಷ್ಟೇ ಪ್ರಶ್ನೆ. ಬೇಸ್ ಮೇಲಿರುವ ಮೂವರೂ ಡಾಕ್ಟರವರು. ಬಹುಮಾನಕ್ಕೆ ಬೇಕಾದ ಔಟು ನನಗೆ, ರನ್ನುಗಳು ಅವರಿಗೆ. ಈ ಆಟದಲ್ಲಿ ನನಗೆ ಅಪಾಯವೇ ಇಲ್ಲ. ಇರುವ ಅಪಾಯವೆಲ್ಲ ಡಾಕ್ಟರದ್ದು. ಶಾಲು, ಪೇಟ, ಹಾರ ಕಣ್ಣ ಮುಂದೆ ಬಂದವು. ನಾನು ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಕಂಡವು. ಪೇಟದ ಅಂಚಿನ ಜರಿಯೂ ಕಂಡಿತು.

ಹತ್ತಿರ ಹೋದೆ. ಚೆಂಡು ಕೊಡಬೇಕಾದ ಡಾಕ್ಟರು ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಅಷ್ಟು ದೊಡ್ಡ ಡಾಕ್ಟರು.

"ಹೆಕ್ಟರ್," ಅಂದೆ, "ಮೈ ಫಿಂಗರ್. ವಾರ್ಮಪ್ಪಿನಲ್ಲಿ ಪೆಟ್ಟಾಯಿತು. ನಡುಬೆರಳು. ವೆರಿ ಪೇನ್."

ಹೆಕ್ಟರ್ ನನ್ನ ಕೈ ನೋಡಿದ. ಬೆರಳು ಮಗುವಿನದರಂತೆ ನುಣುಪಾಗಿತ್ತು. "ಡಾಕ್, ನೀನು ನೋಡು" ಎಂದ.

ಡಾಕ್ಟರು ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿ ನನ್ನ ಕೈ ಹಿಡಿದರು. ಒತ್ತಿದರು. "ಅಯ್ಯಯ್ಯೋ ಯವ್ವಾ!" ಎಂದು ನಾನು ಡ್ಯಾನ್‌ವಿಲ್ ಕೇಳುವಂತೆ ಕೂಗಿದೆ. ಆಮೇಲೆ ನೋಡಿದರೆ ಅವರು ಒತ್ತಿದ್ದು ಕಿರುಬೆರಳನ್ನು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಹುಲ್ಲು ನೋಡಿದೆ. ಬಹಳ ಚೆನ್ನಾಗಿ ಕತ್ತರಿಸಿದ ಹುಲ್ಲು.

"ಕಿರುಬೆರಳಿಗೂ ಹಬ್ಬಿದೆ," ಅಂದರು ನಿಧಾನವಾಗಿ ನನಗೆ. ಹೆಕ್ಟರನ ಕಡೆ ತಿರುಗಿ ಗಂಭೀರವಾಗಿ, "ಇಟ್ ಹ್ಯಾಸ್ ಸ್ಪ್ರೆಡ್. ಹಿ ಕಾಂಟ್ ಥ್ರೋ."

"ಯು ಆರ್ ಎ ನೋಸ್ ಡಾಕ್ಟರ್," ಎಂದ ಹೆಕ್ಟರ್.

"ಸೇಮ್ ಬಾಡಿ," ಅಂದರು ಡಾಕ್ಟರು.

ಹೆಕ್ಟರ್ ಮೂವತ್ತು ವರ್ಷ ನಾಯಿಗಳಿಂದ ಕಚ್ಚಿಸಿಕೊಂಡ ಪೋಸ್ಟ್‌ಮನ್ನನ ಕಣ್ಣಲ್ಲಿ ಇಬ್ಬರನ್ನೂ ನೋಡಿ ವಾಪಸು ನಡೆದ. ನಾನೂ ಬೆರಳು ಹಿಡಿದುಕೊಂಡು ನಡೆದೆ. ಯಾವ ಬೆರಳು ಹಿಡಿಯಬೇಕೆಂದು ತಿಳಿಯದೆ ಐದನ್ನೂ ಹಿಡಿದುಕೊಂಡೆ. ಎದೆ ಉಬ್ಬಿತ್ತು. ಇಂಥ ತ್ಯಾಗಕ್ಕೆ ದೇವರು ಒಂದು ಔಟು ಕೊಡದೇ ಇರುತ್ತಾನೆಯೇ?

ದೇವರು ಕೊಟ್ಟದ್ದು ಬೇರೆ. ಮೊದಲನೇ ಚೆಂಡಿಗೇ ಆ ಬ್ಯಾಟರ್ ಎಡಬೇಲಿಯ ಬುಡಕ್ಕೆ ಹೊಡೆದ. ಮೂವರೂ ಓಡಿ ಬಂದರು. ಆರು-ಐದು. ನಾವು ಹಿಂದೆ. ನಾನು ಒಳಗೆ ಕಾಲಿಡದೆಯೇ ಇಪ್ಪತ್ತಮೂರು ಇಪ್ಪತ್ತಾರಾದಂತೆ ಅನ್ನಿಸಿತು. ಬಂದರೂ ಕೆಡಿಸುತ್ತೇನೆ, ಬರದಿದ್ದರೂ ಕೆಡಿಸುತ್ತೇನೆ. ಎಲ್ಲ ಪಿಚರ್‌ಗಳೂ ಮೈದಾನದಲ್ಲಿದ್ದು ಮಾಡುವುದನ್ನು ನಾನು ಬೆಂಚಿನಿಂದಲೇ ಮಾಡಬಲ್ಲೆ.

ಮುಂದಿನವನನ್ನು ಔಟ್ ಮಾಡಿ ಡಾಕ್ಟರು ಬಂದು ನನ್ನ ಪಕ್ಕ ಕೂತರು.

"ಬೈರಿ ನನಗ," ಅಂದೆ.

"ಯಾಕೆ ಬೈಲಿ? ಹೊಡಿಸ್ಕೊಂಡಿದ್ದು ನಾನು." ಬೆವರು ಒರೆಸಿಕೊಂಡರು. ಮುಖದಲ್ಲಿ ವಿಚಿತ್ರವಾದ ಒಂದು ಗೆಲುವು. "ಎಷ್ಟು ದಿನ ಆಗಿತ್ತು ಗೊತ್ತೇನೋ ನನ್ನ ರನ್ ನಾನೇ ಕೊಟ್ಟು? ಬೆಂಚ್ ಮೇಲೆ ಕೂತ್ಕೊಂಡು, ಯಾರೋ ನನ್ನ ಮನೆ ಸಾಮಾನು ಹೊರಗೆ ಎಸೀತಿರೋದನ್ನ ನೋಡೋ ಥರ ಆಗ್ತಿತ್ತು."

"ಯಾರೋ ಅಲ್ರೀ. ನಾನು."

"ಅದೇ ಅಂದೆ."

ಮೊದಲ ಸಲ ಬೈದರು. ಎಷ್ಟು ಹಿತವಾಯಿತು ಅಂತೀರಿ.

ನಮ್ಮ ಕೊನೆಯ ಬ್ಯಾಟಿಂಗು. ಒಬ್ಬ ಔಟ್. ಮುಂದಿನವ ಹೊಡೆದು ಮೊದಲ ಬೇಸಿಗೆ ಹೋದ. ಡಾಕ್ಟರಿಗೆ ಪುಕ್ಕಟೆ ಬೇಸ್ ಸಿಕ್ಕಿತು. ಅದರ ಮುಂದಿನವನ ಹೊಡೆತಕ್ಕೆ ಒಂದು ರನ್ ಬಂತು, ಆರು-ಆರು. ಡಾಕ್ಟರು ಮೊದಲನೇ ಬೇಸಿನಿಂದ ಮೂರನೆಯದಕ್ಕೆ ಓಡಿ, ಅಲ್ಲಿ ಮಂಡಿಗೆ ಕೈಯೂರಿ ನಿಂತು, ಉಸಿರಾಡುವುದು ಹೇಗೆಂದು ನೆನಪಿಸಿಕೊಳ್ಳುತ್ತಿದ್ದರು. ಮತ್ತೊಬ್ಬನಿಗೆ ಪುಕ್ಕಟೆ. ಮೂರೂ ಬೇಸ್ ಭರ್ತಿ. ಮುಂದಿನ ಬ್ಯಾಟರ್ ಯಾರು ಎಂದು ಎಲ್ಲರೂ ತಿರುಗಿ ನೋಡಿದರು.

ನಮ್ಮ ಲೀಗಿನಲ್ಲಿ ಬೆಂಚಿನ ಮೇಲಿರುವವರೂ ಸರದಿಯಲ್ಲಿ ಬ್ಯಾಟ್ ಮಾಡಲೇಬೇಕು. ಯಾರಿಗೂ ಬೇಜಾರಾಗಬಾರದು ಎಂದು ಮಾಡಿದ ನಿಯಮ; ನನ್ನ ಸರದಿ ಬಂದಾಗ ಎಲ್ಲರಿಗೂ ಬೇಜಾರಾಗುತ್ತದೆ.

"ಫಿಂಗರ್?" ಎಂದ ಹೆಕ್ಟರ್, ಹುಬ್ಬು ಮೇಲಕ್ಕೆತ್ತಿ.

ಮೂರನೇ ಬೇಸಿನಿಂದ ಡಾಕ್ಟರು ಕೂಗಿದರು, "ಬ್ಯಾಟಿಂಗಿಗೆ ಏನೂ ತೊಂದ್ರೆ ಇಲ್ಲ! ಹಿ ಕ್ಯಾನ್ ಬ್ಯಾಟ್!" ಅರ್ಧ ಗಂಟೆಯಲ್ಲಿ ಎರಡನೇ ಸುಳ್ಳು ಸರ್ಟಿಫಿಕೇಟು.

ಹೋಗಿ ನಿಂತೆ. ಮೊದಲ ಚೆಂಡು ಕಾಣಲಿಲ್ಲ. ಎರಡನೆಯದೂ ಕಾಣಲಿಲ್ಲ. ಮೂರನೆಯದು ಚೆನ್ನಾಗಿ ಕಂಡಿತು, ಏಕೆಂದರೆ ನೇರವಾಗಿ ನನ್ನ ಕಡೆಗೇ ಬರುತ್ತಿತ್ತು. ಸರಿಯಬೇಕೆಂದುಕೊಂಡೆ. ಹುಬ್ಬಳ್ಳಿಯ ದೇಹ, ವಿಚಾರ ಮಾಡಿ ನಿರ್ಧಾರ ತೆಗೆದುಕೊಳ್ಳುತ್ತದೆ. ಧಡ್ ಎಂದು ಸೊಂಟದ ಮೂಳೆಗೆ ಬಡಿಯಿತು. ನೆಲದ ಮೇಲೆ ಉರುಳಿದೆ. ಈ ಸಲದ ಕೂಗಿನಲ್ಲಿ ನಟನೆ ಇರಲಿಲ್ಲ.

ಚೆಂಡು ಮೈಗೆ ತಗುಲಿದರೆ ಬ್ಯಾಟರ್‌ಗೆ ಪುಕ್ಕಟೆ ಬೇಸ್. ಮೂರೂ ಭರ್ತಿ ಇದ್ದರೆ ಎಲ್ಲರೂ ಒಂದೊಂದು ಮುಂದೆ. ಡಾಕ್ಟರು ಕುಂಟುತ್ತಾ ಬಂದು ಮನೆಯ ತಟ್ಟೆಯ ಮೇಲೆ ಎರಡೂ ಕಾಲಿಟ್ಟು ಕುಣಿದರು. ಏಳು-ಆರು. ಎಲ್ಲರೂ ನುಗ್ಗಿದರು. ಕಡಲೆಬೀಜದ ಪೊಟ್ಟಣಗಳು ಹಾರಿದವು. ನಾನು ಮಣ್ಣಿನಲ್ಲಿ ಮಲಗಿ, ಹೆಕ್ಟರನ ಕಾಲು ಹಿಡಿದುಕೊಂಡು ಆ ಕಾಲಿಗೇ ನೋವಿನ ವಿವರ ಹೇಳುತ್ತಿದ್ದೆ, ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತಿದೆ ಎಂದು.

ಆಗ ಬೇಲಿಯ ಕಡೆಯಿಂದ ಒಂದು ಧ್ವನಿ ಬಂತು. ಯಾರದೆಂದು ಮೊದಲು ಗೊತ್ತಾಗಲಿಲ್ಲ, ಏಕೆಂದರೆ ಆ ಧ್ವನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾವು ಯಾರೂ ಕೇಳಿರಲಿಲ್ಲ.

"ಸಿದ್ಧಾರೂಢ ಅವರೇ! ಬೇಸ್! ಫಸ್ಟ್ ಬೇಸ್ ಮುಟ್ಟಿ!"

ವಸುಧಾ ಅವರು ಮೇಜಿನ ಹಿಂದೆ ಎದ್ದು ನಿಂತಿದ್ದರು. ಪೆನ್ಸಿಲು ಅಂಪೈರನ ಕಡೆಗೆ ಚಾಚಿದ್ದರು. ಅಂಪೈರ್ ಹೋಗಿರಲಿಲ್ಲ, ಕೈ ಕಟ್ಟಿ ನನ್ನನ್ನೇ ನೋಡುತ್ತಾ ನಿಂತಿದ್ದ. ನಾನು ಮೊದಲ ಬೇಸನ್ನು ಮುಟ್ಟುವವರೆಗೆ ಆ ರನ್ ರನ್ನಲ್ಲ. ಆಟ ಮುಗಿದಿಲ್ಲ. ಡ್ಯಾನ್‌ವಿಲ್ಲಿನ ಕ್ಯಾಚರ್‌ಗೂ, ಅಂದರೆ ಅವರ ಕೀಪರ್‌ಗೂ, ಅದು ಗೊತ್ತಿತ್ತು. ಅವನು ಅ‍ಂಪೈರನ ಕಿವಿಯಲ್ಲಿ ಏನೋ ಹೇಳಲು ಶುರು ಮಾಡಿದ್ದ.

"ಏಳ್ರೀ! ಮಾತು ಆಮೇಲೆ! ಏಳ್ರೀ ಅಂದ್ರೆ!" ಆಮೇಲೆ ರೀ ಕೂಡ ಹೋಯಿತು. "ಏಳೋ ಸಿದ್ಧಾ! ಏಳೋ!"

ಟೀಚರ ಧ್ವನಿ. ನಾನು ಎದ್ದೆ. ತೊಂಬತ್ತು ಅಡಿ. ಬಲಗಾಲು ಬರಲೊಲ್ಲದು, ಎಡಗಾಲು ಅದನ್ನು ಎಳೆಯಲೊಲ್ಲದು. ಪಕ್ಕದಲ್ಲಿ ಡಾಕ್ಟರು, ಮುಟ್ಟಿದರೆ ನಿಯಮಕ್ಕೆ ಭಂಗವಾದೀತೆಂದು ಎರಡು ಅಡಿ ದೂರದಲ್ಲಿ, ಮಗುವಿಗೆ ನಡಿಗೆ ಕಲಿಸುವವರ ಹಾಗೆ ಎರಡೂ ಕೈ ಚಾಚಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. "ಬಾ, ಬಾ, ಇನ್ನೊಂದು ಸ್ವಲ್ಪ. ಮಾತಾಡಬೇಡ, ಬಾ." ಇನ್ನು ಆರು ಅಡಿ ಇರುವಾಗ ನಾನು ಮುಗ್ಗರಿಸಿ ಬಿದ್ದೆ. ಬಿದ್ದದ್ದು ಬೇಸಿನ ಮೇಲೆ, ಗದ್ದ ಊರಿ.

ಅಂಪೈರ್ ಟೊಪ್ಪಿಗೆ ತೆಗೆದು ಹೊರಟ. ಮುಗಿಯಿತು.

ಹತ್ತು ನಿಮಿಷದ ನಂತರ ನಾವಿಬ್ಬರೂ ವಸುಧಾ ಅವರ ಮೇಜಿನ ಮುಂದೆ ನಿಂತಿದ್ದೆವು, ಡಾಕ್ಟರ ಭುಜಕ್ಕೆ ಐಸು, ನನ್ನ ಸೊಂಟಕ್ಕೆ ಐಸು. ಅವರು ಮತ್ತೆ ಸ್ಕೋರರ್ ಆಗಿದ್ದರು. ಮುಖದಲ್ಲಿ ಏನೂ ಇಲ್ಲ. ಕಿವಿ ಮಾತ್ರ ಇನ್ನೂ ಕೆಂಪಗಿತ್ತು.

"ಗೆಲುವು ಯಾರ ಹೆಸರಿಗೆ?" ಡಾಕ್ಟರು ಕೇಳಿದರು. ಗೊತ್ತಿದ್ದೂ ಕೇಳಿದರು.

"ಟೀಮ್ ಮುಂದೆ ಹೋದಾಗ ಪಿಚರ್ ಯಾರಿದ್ರೋ ಅವರದ್ದು," ಅಂದರು ವಸುಧಾ ಅವರು. "ನಿಮ್ಮನ್ನ ತೆಗೆದೇ ಇರ್ಲಿಲ್ಲವಲ್ಲ. ರೂಲ್ಸ್ ರೂಲ್ಸೇ." ಪೆನ್ಸಿಲು ಕೆಳಗಿಟ್ಟು, ಕೈಚೀಲದಿಂದ ಪೆನ್ನು ತೆಗೆದು, ಗಂಡನ ಹೆಸರಿನ ಪಕ್ಕ ಬರೆದರು. ಗೆಲುವು, ಒಂದು. ಆ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದದ್ದು ಅದೊಂದೇ.

ಅವರು ಒಳಗೆ ಹೋಗಿದ್ದರೆ, ಅಂದರೆ ನಾನು ಹೊರಗೆ ಬಂದಿದ್ದರೆ, ಅಂದರೆ... ನನಗೇ ಗೊಂದಲವಾಗುತ್ತದೆ. ನಾನು ಚೆಂಡು ಇಸಿದುಕೊಂಡಿದ್ದು, ಅದೇ ಹೊಡೆತ ನನಗೆ ಬಿದ್ದಿದ್ದರೆ, ಇದು ನನ್ನ ಎಂಟನೇ ಗೆಲುವಾಗುತ್ತಿತ್ತು. ಅವರೇ ಕೆಡಿಸಿದ್ದರಿಂದ ಅವರಿಗೆ ಸಿಕ್ಕಿತು. ಈ ಆಟವನ್ನು ಕಂಡುಹಿಡಿದವರು ಯಾರೋ ನಮ್ಮಂಥವರನ್ನು ನೋಡಿಯೇ ನಿಯಮ ಬರೆದಿರಬೇಕು. ನಾನು ಹತ್ತೊಂಬತ್ತು ಮತ್ತು ಮೂರನೇ ಎರಡಕ್ಕೆ ನಿಂತೆ. ದ್ವಾರಕಾನಾಥರಿಗೆ ಅಲ್ಲಿಂದಲೇ ಫೋನು ಮಾಡಿ ಸನ್ಮಾನ ಬೇಡವೆಂದೆ. ಅವರು, "ಪರವಾಗಿಲ್ಲ ಸಾರ್, ಆ ಟೈಮಿಗೆ ಅಂತ್ಯಾಕ್ಷರಿ ಇಡ್ತೀವಿ" ಎಂದರು, ತುಸು ಹೆಚ್ಚೇ ಉತ್ಸಾಹದಿಂದ.

ಪಾರ್ಕಿಂಗಿನಲ್ಲಿ ಡಾಕ್ಟರು ಕಾರಿನ ಬಾಗಿಲು ತೆರೆದು ಹಾಗೆಯೇ ನಿಂತರು.

"ಸಿದ್ಧಾ."

"ಹೇಳ್ರಿ."

"ಲೀಡ್ ಇತ್ತು, ನಾನೇ ಕಳೆದೆ. ಬೇರೆಯವರು ಬ್ಯಾಟ್ ಮಾಡಿ ಗೆಲ್ಲಿಸಿದ್ರು. ಗೆಲುವು ನನ್ನ ಹೆಸರಿಗೆ. ಇದು ಸರಿಯಾ? ಯಾಕೋ ಸ್ವಲ್ಪ ನಾಚಿಕೆ ಆಗ್ತಿದೆ ಕಣೋ."

ನಾನು ಸೊಂಟದ ಐಸು ಸರಿಮಾಡಿಕೊಂಡು, ಈ ವಿಷಯದಲ್ಲಿ ಏಳು ಸಲದ ಅನುಭವ ಇರುವವನಾಗಿ, ಅವರ ಒಳ್ಳೆಯ ಭುಜದ ಮೇಲೆ ಕೈಯಿಟ್ಟೆ.

"ಮೊದಲನೇ ಸಲ ಹಂಗ ಅನಸ್ತದ್ರೀ ಡಾಕ್ಟ್ರ," ಅಂದೆ. "ಆಮ್ಯಾಲ ರೂಢಿ ಆಗ್ತದ."